ಬಟ್ಟೆ ಹೂವಿಗೊಂದು ಟಾಕಾ

ಕನ್ನಡದವರೂ ಮರಾಠಿಯವರೂ ಹೆಣ್ಣು ಕೊಟ್ಟು ತಂದು ಬಾಳುವ ನಮ್ಮ ಗಡಿಯ ಊರುಗಳಲ್ಲಿ ಎಷ್ಟೇ ಹುಷಾರಾಗಿದ್ದರೂ ಪ್ರತಿ ಮದುವೆಯಲ್ಲಿ ಒಂದಾದರೂ ನಗೆಪಾಟಲು ನಡೆಸದೆ ಶಿವ ಬಿಡುವುದಿಲ್ಲ. ನಾನು ಮಹಾರಾಷ್ಟ್ರದ ಮುರುಮದ ಹತ್ತಿರದ ಹಳ್ಳಿಯವಳು, ಕನ್ನಡ ಸಾಲೆಯಲ್ಲಿ ಏಳನೆಯ ತನಕ ಕಲಿತಾಕೆ. ಬರೆಯುವ ರೂಢಿ ಇಲ್ಲ. ಆದರೂ ಮಗಳ ಮದುವೆಗೆ ಹೂವು ಹೊಲಿಯಲು ಕೂತಾಗ ಆದದ್ದನ್ನೆಲ್ಲ ಮರೆಯುವ ಮೊದಲು ಬರೆದಿಡುತ್ತಿದ್ದೇನೆ.

ಎದೆಯ ಮೇಲಿನ ಜಾಗ

ಬೀಗರು ನಿಲಂಗಾದವರು. ಮದುವೆ ಇನ್ನೂ ತಿಂಗಳಿದೆ ಎನ್ನುವಾಗ ಅಳಿಯನಾಗುವವನು ಫೋನ್ ಮಾಡಿದ. ಕೋಟಿನ ಎದೆಗೆ ಚುಚ್ಚಿಕೊಳ್ಳುವ ಹೂವು ಬೇಕಂತೆ. ಬಾಡಬಾರದು, ಬಟ್ಟೆಯದೇ ಆಗಬೇಕು, ಮಾನದ ಗಂಡಸರಿಗೆಲ್ಲ ಒಂದೊಂದು. ಉಮರ್ಗಾದ ಅಂಗಡಿಯಲ್ಲಿ ಸಿಗುತ್ತದಲ್ಲಪ್ಪ ಎಂದೆ. ಬೇಡ, ನೀವು ಕೈಯಿಂದ ಮಾಡುತ್ತೀರಂತೆ, ನಿಮ್ಮ ಮಗಳು ಹೇಳಿದಳು ಎಂದ.

ಮಗಳು ಅರ್ಧ ಸುಳ್ಳು ಹೇಳಿದ್ದಳು. ಹೂವು ಮಾಡುವ ಕೈ ನನ್ನದಲ್ಲ, ನಮ್ಮಕ್ಕನದು. ತವರಿನಲ್ಲಿ ಕುಪ್ಪಸ ಹೊಲಿದು ಉಳಿದ ಚಿಂದಿಯನ್ನು ಆಕೆ ಎಸಳು ಮಡಚಿ ಕೊಡುತ್ತಿದ್ದಳು, ನಾನು ಬರೀ ಬುಡಕ್ಕೆ ದಾರ ಸುತ್ತುತ್ತಿದ್ದೆ. ಆ ಅಕ್ಕ ಉದಗೀರಿನಲ್ಲಿದ್ದಾಳೆ. ಆರು ವರ್ಷವಾಗಿತ್ತು, ನನ್ನ ಹೊಸ್ತಿಲು ತುಳಿದಿರಲಿಲ್ಲ.

ನೆನಪಿನಿಂದ ಹೇಗೋ ಒಂದು ಹೂವು ಮಾಡಿ ನಮ್ಮ ಮನೆಯವರ ಅಂಗಿಗೆ ಚುಚ್ಚಿ ನೋಡಿದೆ. ಅತ್ತೆ ಆಗಷ್ಟೇ ಲಿಂಗಪೂಜೆ ಮುಗಿಸಿ ಎದ್ದಿದ್ದರು.

"ಏನದು?"

"ಹೂವ್ರೀ ಅತ್ತಿ, ಎದಿಮ್ಯಾಗ ಹಾಕ್ಕೊಳ್ಳಾಕ."

"ಎದಿಮ್ಯಾಗ ಲಿಂಗ ಅದ. ಹೂ ಲಿಂಗಕ್ಕೋ, ಅಂಗಿಗೋ?"

"ಅಂಗಿಗಿರೀ."

ಅತ್ತೆ ಮಗನ ಹತ್ತಿರ ಹೋಗಿ ಬಗ್ಗಿ ಹೂವು ಮೂಸಿ ನೋಡಿದರು. "ಅದೇ ಮತ್ತ. ವಾಸನಿ ಇಲ್ಲದ ಹೂ ಲಿಂಗಯ್ಯ ಒಲ್ಲೆ ಅಂತಾನ. ನನ್ನ ಮಗ ಮದುವಿ ಆದಾಗಿಂದ ಯಾವುದಕ್ಕೂ ಒಲ್ಲೆ ಅಂದಿಲ್ಲ."

ಗಂಜಿ ಕುಡಿದ ಎಸಳು

ಬಟ್ಟೆ ಎಸಳು ಸೆಟೆದು ನಿಲ್ಲಬೇಕಾದರೆ ಗಂಜಿಯಲ್ಲಿ ಅದ್ದಿ ಒಣಗಿಸಬೇಕು. ಇದೂ ಅಕ್ಕನ ಪಾಠವೇ. ಅಂಗಳದ ಹೊರಸಿನ ಮೇಲೆ ಕೆಂಪು ಎಸಳು ಹರವಿ, ಸೋಮವಾರವಾದ್ದರಿಂದ ಗುಡಿಗೆ ಹೋಗಿ ಬಂದೆ. ಬರುವಷ್ಟರಲ್ಲಿ ಅರ್ಧ ಹೊರಸು ಖಾಲಿ. ಪಕ್ಕದ ಮನೆಯ ಕುರಿಯವನ ಟಗರು ಕೊನೆಯ ಎಸಳನ್ನು ನಿಧಾನಕ್ಕೆ ಮೇಯುತ್ತ ನಿಂತಿತ್ತು.

ಕುರಿಯವನು ಬೀರಪ್ಪನ ಭಕ್ತ, ಬಲು ಸಾತ್ವಿಕ. ಓಡಿ ಬಂದು ಟಗರಿನ ಬಾಯಿ ತೆರೆದು ನೋಡಿದ.

"ಅಕ್ಕೋರ, ಇದರಾಗ ಪಿನ್ನ ಇತ್ತೇನ್ರಿ?"

"ಇಲ್ಲಪ್ಪ, ಪಿನ್ನ ಕಡೀಕ ಹಚ್ಚೋದು."

"ಬೀರಪ್ಪ ಕಾಯ್ದ," ಎಂದು ಕುಳಿತುಬಿಟ್ಟ. ಟಗರಿನ ಬಾಯಿ ಒರೆಸುತ್ತ ಸಂಕೋಚದಿಂದ ಕೇಳಿದ, "ಮದುವಿ ಯಾವಾಗರಿ?"

"ಇನ್ನ ಇಪ್ಪತ್ತ ದಿನ ಅದ."

"ನಮ್ದು ಊಟ ಮಾಡಿ ಆಯ್ತಲ್ರಿ. ಆಹೇರದ ಉಡುಗೊರಿ ಈಗಲೇ ಕೊಡಲೋ, ಆವಾಗ ಕೊಡಲೋ?"

ಮೈಕಿನವನು ಬಿಟ್ಟ ಹೆಸರು

ಅಕ್ಕ ಯಾಕೆ ಬರುತ್ತಿರಲಿಲ್ಲ ಎಂದು ಹೇಳಬೇಕು. ನಮ್ಮ ಕಡೆ ಮದುವೆಯಲ್ಲಿ ಮಾನದ ಗಂಡಸರ ಹೆಸರನ್ನು ಮೈಕಿನಲ್ಲಿ ಕೂಗಿ, ಟೋಪಿ-ಟಾವೆಲ್ ಕೊಟ್ಟು ಕೈಮುಗಿಯುತ್ತಾರೆ. ಊಟಕ್ಕೆ ಉಪ್ಪು ಕಡಿಮೆಯಾದರೆ ಜನ ಸುಮ್ಮನಿದ್ದಾರು, ಈ ಹೆಸರು ತಪ್ಪಿದರೆ ಸುಮ್ಮನಿರುವುದಿಲ್ಲ.

ಆರು ವರ್ಷದ ಹಿಂದೆ ಮಗನ ಮದುವೆಯಲ್ಲಿ ಆ ಪಟ್ಟಿಯನ್ನು ನಮ್ಮ ಮನೆಯವರು ಮರಾಠಿಯಲ್ಲಿ ಬರೆದರು. ಅಕ್ಕನ ಗಂಡನ ಹೆಸರು ಮಾತ್ರ ನಾನು ಬರೆಯುತ್ತೇನೆಂದು ಹಟ ಹಿಡಿದೆ. ಪಟ್ಟಿಯ ಕೊನೆಗೆ, ನನಗೆ ಬರುವ ಕನ್ನಡದಲ್ಲಿ, ದುಂಡಗೆ, ಪ್ರೀತಿಯಿಂದ ಬರೆದೆ. ಮೈಕಿನವನಿಗೆ ಕನ್ನಡ ಮಾತಾಡಲು ಬರುತ್ತಿತ್ತು, ಓದಲು ಬರುತ್ತಿರಲಿಲ್ಲ. ಎಲ್ಲರಿಗೂ ಟೋಪಿ ಬಂತು, ಭಾವ ಖಾಲಿ ತಲೆಯಲ್ಲಿ ಕೂತೇ ಇದ್ದರು. ಆಮೇಲೆ ಊಟಕ್ಕೂ ನಿಲ್ಲದೆ ಅಕ್ಕನನ್ನು ಎಬ್ಬಿಸಿಕೊಂಡು ಹೋದರು.

ಮೈಕಿನವನನ್ನು ಹಿಡಿದು ಕೇಳಿದೆವು. ಅವನು ಪಟ್ಟಿ ತೋರಿಸಿ, ನನ್ನ ಅಕ್ಷರದ ಮೇಲೆ ಬೆರಳಿಟ್ಟು ಹೇಳಿದ, "ಇದು ಹೆಸರೇನ್ರಿ? ನಾ ಕಡೀಕ ಹೂವಿನ ಬಳ್ಳಿ ತೆಗದಾರ ಅಂದ್ಕೊಂಡೆ."

ಉದಗೀರಿನ ಸುದ್ದಿ

ಈ ಸಲ ಮದುವೆಗೆ ಕರೆಯಲು ನಮ್ಮ ಮನೆಯವರನ್ನೇ ಅಕ್ಷತೆ ಕೊಟ್ಟು ಉದಗೀರಿಗೆ ಕಳಿಸಿದೆ. ಭಾವನಿಗೆಂದು ಎಲ್ಲಕ್ಕಿಂತ ದೊಡ್ಡ ಹೂವೊಂದನ್ನು ಹೊಲಿದು ಡಬ್ಬಿಯಲ್ಲಿ ಇಟ್ಟುಕೊಟ್ಟೆ. ಸಂಜೆ ಅವರು ಬರುವ ತನಕ ಬಾಗಿಲಲ್ಲೇ ಇದ್ದೆ.

"ಅಕ್ಕ ಏನಂದಳು?"

ನಮ್ಮ ಮನೆಯವರು ಕಾಲು ತೊಳೆದು, ಒರೆಸಿಕೊಂಡು, ಕೂತು ಹೇಳಿದರು, "ಹೂ ತಿರುವಿ ನೋಡಿದಳು. 'ನಿಮ್ಮ ಮನಿಯಾಕಿಗಿ ಹೇಳ್ರಿ, ಟಾಕಾ ಸಾಲಿಲ್ಲ, ಕಳಚತದ' ಅಂದಳು."

ಟಾಕಾ ಅಂದರೆ ಹೊಲಿಗೆ. ಮರಾಠಿಯಿಂದ ಬಂದು ನಮ್ಮ ಮನೆಯಲ್ಲೇ ಉಳಿದುಬಿಟ್ಟ ಮಾತು.

"ಅಷ್ಟೇ ಅಂದಳಾ? ಬರ್ತಾರಂತೋ ಇಲ್ಲಂತೋ?"

"ಅದು ಕೇಳೋದು ಮರತೆ."

"ಮತ್ತ ನಾಕು ತಾಸು ಕೂತು ಏನ ಮಾಡಿದ್ರಿ?"

"ಚಹಾದಾಗ ಸಕ್ರಿ ಭಾಳ ಇತ್ತು," ಎಂದರು.

ಅಷ್ಟು ಸಿಹಿ ಚಹಾ ಅಕ್ಕ ತನ್ನವರೆಂದುಕೊಂಡವರಿಗೆ ಮಾತ್ರ ಮಾಡುತ್ತಾಳೆಂದು ನನಗೆ ಗೊತ್ತು. ಆದರೂ ಸಮಾಧಾನವಾಗಲಿಲ್ಲ. ದಿನಾ ಪೂಜೆಗೆ ಕೂತರೆ ಶಿವನ ಹೆಸರಿಗಿಂತ ಮೊದಲು ಉದಗೀರಿನ ಬಸ್ಸು ನೆನಪಾಗುತ್ತಿತ್ತು.

ಟಾಕಾ

ಉಮರ್ಗಾದಲ್ಲಿ ಮದುವೆ. ಬಂದವರ ಮುಖವನ್ನೆಲ್ಲ ನೋಡಿದೆ, ಅಕ್ಕ ಕಾಣಲಿಲ್ಲ. ಅಕ್ಕಿಕಾಳಿಗೆ, ಅಂದರೆ ಅಕ್ಷತೆ ಹಾಕುವ ಮುಹೂರ್ತಕ್ಕೆ, ಇನ್ನೂ ಐದು ಮಿನಿಟಿತ್ತು. ಎಲ್ಲರ ಕೈಗೂ ಅಕ್ಷತೆ ಬಂದಿತ್ತು. ಅಷ್ಟರಲ್ಲಿ ನೋಡುತ್ತೇನೆ, ಅಳಿಯನ ಎದೆಯ ಹೂವು ಕಳಚಿ ಎಸಳು ಒಂದೊಂದಾಗಿ ಜೋತುಬಿದ್ದಿದೆ.

ಪಕ್ಕದಲ್ಲಿ ಬೀಗಿತ್ತಿ ನಿಂತಿದ್ದರು. ಅವರಿಗೆ ಕನ್ನಡ ಬಾರದು. ಹೂವಿಗೊಂದು ಹೊಲಿಗೆ ಬೇಕು ಎಂದು ನನ್ನ ಮುರುಕು ಮರಾಠಿಯಲ್ಲಿ ಹೇಳಿದೆ. ಬ್ಯಾಂಡಿನ ಗದ್ದಲ, ಅವರಿಗೆ ಕೇಳಿಸಲಿಲ್ಲ. ಗಂಟಲು ಬಿಚ್ಚಿ, "ಟಾಕಾ, ಟಾಕಾ," ಎಂದು ಕೂಗಿದೆ. ಬ್ಯಾಂಡು ಸರಿಯಾಗಿ ಆಗಲೇ ನಿಂತಿತು.

ಮರಾಠಿಯಲ್ಲಿ ಅದೇ ಮಾತಿಗೆ "ಹಾಕಿರಿ, ಎಸೆಯಿರಿ" ಎಂದೂ ಅರ್ಥ. ಹೆಣ್ಣಿನ ತಾಯಿಯೇ ಹಾಕಿ ಎಂದಮೇಲೆ ಯಾರು ಬಿಡುತ್ತಾರೆ? ನಿಲಂಗಾದವರೆಲ್ಲ ಹಾಕಿದರು. ಅವರು ಹಾಕಿದ್ದು ನೋಡಿ ನಮ್ಮವರೂ ಹಾಕಿದರು. ಅಕ್ಕಿ ಬಿದ್ದದ್ದು ನೋಡಿ ಬ್ಯಾಂಡಿನವರು ಮತ್ತೆ ಬಾರಿಸಿದರು. ಮದುವೆ ಮಾಡಿಸಲು ಬಂದ ಅಯ್ಯನವರು ತಲೆಯ ಮೇಲಿನ ಅಕ್ಕಿ ಕೊಡವುತ್ತ ಮೈಕಿನಲ್ಲಿ ಹೇಳಿದರು, "ಯಾರ ಮದುವಿ ಆಯ್ತರಿ ಈಗ? ನಾ ಇನ್ನ ಬಾಯಿ ತೆರದಿಲ್ಲ."

ನಾನು ನೆಲ ನೋಡುತ್ತ ನಿಂತಿದ್ದೆ. ಹೆಂಗಸರ ಸಾಲಿನ ಹಿಂದಿನಿಂದ ಯಾರೋ ಮುಂದೆ ಬಂದರು. ತಲೆ ತುಂಬ ಅಕ್ಕಿ, ಕೈಯಲ್ಲಿ ಕೆಂಪು ದಾರ ಪೋಣಿಸಿದ ಸೂಜಿ. ಅಕ್ಕ. ಸೂಜಿಯನ್ನು ಉದಗೀರಿನಿಂದ ಪೋಣಿಸಿಕೊಂಡೇ ಬಂದಿದ್ದಳು.

"ಹೇಳಿ ಕಳಸಿದ್ದೆನೋ ಇಲ್ಲೋ, ಕಳಚತದ ಅಂತ?" ಎಂದು ಗದರಿ, ಅಳಿಯನ ಎದೆಗೆ ನಾಲ್ಕು ಟಾಕಾ ಹಾಕಿದಳು. ನಾನು ಆಕೆಯ ತಲೆಯ ಅಕ್ಕಿ ಆರಿಸುತ್ತ ನಿಂತೆ. ಆರಿಸಿ ಮುಗಿಯಲೇ ಇಲ್ಲ.

ಹಿಂದೆ ಭಾವ. ಕೋಟಿಲ್ಲದ್ದಕ್ಕೆ ನನ್ನ ದೊಡ್ಡ ಹೂವನ್ನು ಟೋಪಿಗೇ ಚುಚ್ಚಿಕೊಂಡಿದ್ದರು. ಕಾಲು ಮುಟ್ಟಿದೆ. ಮುಖ ಗಂಟು ಹಾಕಿಕೊಂಡೇ ಹೇಳಿದರು, "ಹೋದ ಸಲ ನನ್ನ ಹೆಸರು ಬಿಟ್ರಿ. ಈ ಸಲ ಮುಹೂರ್ತಾನ ಬಿಟ್ರಿ. ನಿಮ್ಮ ಮನಿ ಮ್ಯಾಲ ಇನ್ನ ನಂಗ ಸಿಟ್ಟಿಲ್ಲ ಬಿಡು."

ಸಂಜೆ ಉದಗೀರ ಬಸ್ ಹತ್ತುವಾಗ, "ಇನ್ನ ಯಾವಾಗ ಬರ್ತಿ ಅಕ್ಕಾ?" ಎಂದೆ.

"ಹೂ ಕಳಚಿದಾಗ ಫೋನ್ ಮಾಡು," ಎಂದಳು.

ಆಮೇಲೆ ನಮ್ಮೂರಿನ ಇಬ್ಬರು ಮೂವರು ತಮ್ಮ ಮದುವೆಗೂ ನನ್ನಿಂದ ಹೂವು ಮಾಡಿಸಿಕೊಂಡರು. ಒಂದೂ ಊಟದ ತನಕ ಉಳಿಯುವುದಿಲ್ಲ ಎಂದು ಎಲ್ಲರೂ ಬೈಯುತ್ತಾರೆ. ಉಳಿಯದ ಹಾಗೆ ಹೊಲಿಯುವುದು ಎಷ್ಟು ಕಷ್ಟವೆಂದು ಅವರಿಗೇನು ಗೊತ್ತು.