ಹೆಂಗಸರ ಶೌಚಾಲಯದ ಬೀಗ ಮಹಾಶಯರಿಗೆ

ಮಾನ್ಯರೇ,

ಹಿತ್ತಾಳೆಯ ಮೈಕಟ್ಟಿನವರೂ, ಬಳ್ಳಾರಿಯ ನಮ್ಮ ಜೀನ್ಸ್ ಹೊಲಿಯುವ ಕಾರ್ಖಾನೆಯಲ್ಲಿ ಹೆಂಗಸರ ಶೌಚಾಲಯದ ಬಾಗಿಲಿಗೆ ಎರಡು ವರ್ಷದಿಂದ ಒಂದೇ ನಿಷ್ಠೆಯಿಂದ ಜೋತುಬಿದ್ದು ಸೇವೆ ಸಲ್ಲಿಸುತ್ತಿರುವವರೂ ಆದ ತಮಗೆ, ಅದೇ ಕಾರ್ಖಾನೆಯಲ್ಲಿ ಹೊಲಿದ ಪ್ಯಾಂಟುಗಳ ದಾರದ ತುದಿ ಕತ್ತರಿಸುವ, ಕುರುಗೋಡಿನಿಂದ ದಿನಾ ಬಸ್ಸಿನಲ್ಲಿ ಬಂದುಹೋಗುವ ಗಂಗೋತ್ರಿ ಮಾಡುವ ನಮಸ್ಕಾರಗಳು. ನಾವೆಲ್ಲ ಕ್ಷೇಮ, ಜೊತೆಗೆ ಕೆಲಸ ಮಾಡುವ ಪಾರಮ್ಮನೊಬ್ಬಳನ್ನು ಬಿಟ್ಟು. ಅವಳ ವಿಷಯ ಅರಿಕೆ ಮಾಡಿಕೊಳ್ಳಲೆಂದೇ ಈ ಪತ್ರ.

ತಮಗೆ ಹೊರಗಿನ ಲೋಕ ನೋಡಲು ಬಿಡುವಿರಲಾರದು, ಆದ್ದರಿಂದ ಹೇಳುತ್ತೇನೆ. ಮೂವತ್ತು ವರ್ಷದ ಹಿಂದೆ ಪ್ರಪಂಚದ ದೊಡ್ಡವರೆಲ್ಲ ಕೋಪನ್‌ಹೇಗನ್ ಎಂಬಲ್ಲಿ ಸೇರಿ, ಬಡತನವನ್ನು ಬೇರುಸಹಿತ ಕೀಳುತ್ತೇವೆ, ದುಡಿಯುವ ಕೈಗೆಲ್ಲ ಕೆಲಸ ಸಿಗುವಂತೆ ಮಾಡುತ್ತೇವೆ ಎಂದು ಮಾತು ಕೊಟ್ಟಿದ್ದರಂತೆ. ಕಳೆದ ನವೆಂಬರಿನಲ್ಲಿ ದೋಹಾದಲ್ಲಿ ಮತ್ತೆ ಸೇರಿದಾಗ ಆ ಮಾತು ಇನ್ನೂ ಹೊಸದರಂತೆಯೇ ಇರುವುದನ್ನು ಕಂಡು, ಅದನ್ನೇ ಇನ್ನೊಮ್ಮೆ ಕೊಟ್ಟರಂತೆ. ಬಳಸದೆ ಇಟ್ಟ ವಸ್ತು ಕೆಡುವುದಿಲ್ಲವೆಂದು ತಮಗಿಂತ ಚೆನ್ನಾಗಿ ಬಲ್ಲವರು ಯಾರಿದ್ದಾರೆ? ಆ ಸಂತೋಷಕ್ಕೆ ನಮ್ಮ ಪ್ಯಾಂಟು ಕೊಳ್ಳುವ ವಿದೇಶದ ಕಂಪನಿಯವರು 'ಘನತೆಯ ಕೆಲಸ ಎಲ್ಲರ ಹಕ್ಕು' ಎಂಬ ಬಣ್ಣದ ಪೋಸ್ಟರ್ ಕಳಿಸಿದರು. ಯಾರ ಕೈಯೂ ತಾಗದ ಜಾಗ ಇಡೀ ಕಾರ್ಖಾನೆಯಲ್ಲಿ ಒಂದೇ ಇದ್ದುದರಿಂದ ಅದನ್ನು ತಮ್ಮ ನೆತ್ತಿಯ ಮೇಲೆಯೇ ಅಂಟಿಸಲಾಯಿತು.

ತಮ್ಮನ್ನು ನೇಮಿಸಿದ ಉದ್ದೇಶವೂ ಘನವಾದದ್ದೇ. ಹೆಂಗಸರು ಪದೇಪದೇ ಎದ್ದುಹೋದರೆ ಕೆಲಸ ಕೆಡುತ್ತದೆಂದು ಮಾಲೀಕರು ತಮ್ಮನ್ನು ತಂದು ಹಾಕಿ, ಬೀಗದ ಕೈಯನ್ನು ಸೂಪರ್‌ವೈಸರ್ ದುರ್ಗೇಶ್ ಅವರ ಜೇಬಿಗೆ ಒಪ್ಪಿಸಿದರು. ತಾವು ಬಾಯಿ ಬಿಡುತ್ತಿದ್ದುದು ಮಧ್ಯಾಹ್ನದ ಊಟದ ಹೊತ್ತಿಗೆ ಒಮ್ಮೆ ಮಾತ್ರ. ಹೀಗಾಗಿ ಬಳ್ಳಾರಿಯ ಈ ಬಿಸಿಲಿನಲ್ಲೂ ನೀರು ಕುಡಿಯದೆ ಬದುಕುವ ವಿದ್ಯೆಯನ್ನು ನಾವು ಇಪ್ಪತ್ತಾರು ಮಂದಿ ಕಲಿತೆವು. ಕಳೆದ ಆಯುಧ ಪೂಜೆಯ ದಿನ ಮಷೀನುಗಳಿಗೂ ಕತ್ತರಿಗಳಿಗೂ ಕುಂಕುಮ ಹಚ್ಚುತ್ತ ಬಂದ ಸಿರುಗುಪ್ಪದ ಪಾರಮ್ಮ, ತಮಗೂ ಒಂದು ಬೊಟ್ಟಿಟ್ಟು, ಚೆಂಡುಹೂ ಸಿಕ್ಕಿಸಿ, "ದಿನಕ್ಕ ಎಲ್ಡು ಸಲ ತೆರಕೊಂಡ್ರ ಸಾಕಪ್ಪಾ, ಬರೋ ವರ್ಷ ಕಾಯಿ ಒಡೀತೀನಿ" ಎಂದು ಕೈಮುಗಿದದ್ದು ನೆನಪಿರಬಹುದು. ನಾವೆಲ್ಲ ಬಿದ್ದುಬಿದ್ದು ನಕ್ಕಿದ್ದೆವು. ಈಗ ಅದಕ್ಕೆ ನಾಚಿಕೆಯಾಗುತ್ತದೆ.

ಫೆಬ್ರವರಿಯಲ್ಲಿ ಆ ವಿದೇಶದ ಕಂಪನಿಯವರು ತಪಾಸಣೆಗೆ ಬಂದ ದಿನ ತಮಗೆ ರಜೆ ಇತ್ತು. ಒಳಗೆ ಊದುಬತ್ತಿ, ಹೊಸ ಟವೆಲ್ಲು, ಕಾಗದ ಬಿಚ್ಚದ ಸಾಬೂನು ಎಲ್ಲ ಬಂದು ಕೂತಿದ್ದವು. ಬಂದ ಮೇಡಂ ಗೋಡೆಯ ಮೇಲೆ ಬೆರಳಾಡಿಸಿ, ಇಷ್ಟು ಶುಚಿಯಾದ ಶೌಚಾಲಯವನ್ನು ತಾನು ಯಾವ ದೇಶದಲ್ಲೂ ಕಂಡಿಲ್ಲವೆಂದು ಬೆರಗಾದರು. ಏನಾದರೂ ತೊಂದರೆ ಇದೆಯೇ ಎಂದು ಅವರು ಜೊತೆಯವರಿಂದ ಕೇಳಿಸಿದಾಗ, ಸುಳ್ಳಾಡಿ ಅಭ್ಯಾಸವಿಲ್ಲದ ಪಾರಮ್ಮ, "ಇವತ್ತೇನೂ ತ್ರಾಸಿಲ್ರಿ" ಎಂದಳು. ಭಾಷಾಂತರ ಮಾಡುತ್ತಿದ್ದವರು 'ಇವತ್ತು' ಎಂಬುದು ಅಷ್ಟೇನೂ ಮುಖ್ಯವಲ್ಲವೆಂದು ಬಿಟ್ಟು, ಉಳಿದದ್ದನ್ನು ತಲುಪಿಸಿದರು. ಶುಚಿತ್ವಕ್ಕೆ ಪೂರ್ತಿ ಅಂಕ ಬಂತು, ಪ್ರಮಾಣಪತ್ರಕ್ಕೆ ಗಾಜಿನ ಕಟ್ಟು ಬಂತು. ಪ್ರಶಸ್ತಿ ಪಡೆದ ಜಾಗವನ್ನು ಹೊಲಸು ಮಾಡಬಾರದೆಂದು ಮಾರನೆಯ ದಿನದಿಂದ ಊಟದ ಹೊತ್ತಿಗೂ ತೆರೆಯುವುದನ್ನು ನಿಲ್ಲಿಸಲಾಯಿತು.

ಹದಿನೈದು ದಿನದ ಹಿಂದೆ ಪಾರಮ್ಮ ಪ್ಯಾಂಟುಗಳ ರಾಶಿಯ ಮೇಲೆಯೇ ಕುಸಿದು ಬಿದ್ದಳು. ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿದೆ, ದಿನಕ್ಕೆ ಮೂರು ಲೀಟರ್ ನೀರು ಕುಡಿಯಲೇಬೇಕು, ಇನ್ನೊಮ್ಮೆ ಹೀಗಾದರೆ ಉಳಿಸುವುದು ಕಷ್ಟ ಎಂದು ಡಾಕ್ಟರು ಹೇಳಿ ಕಳಿಸಿದರು. ಈಗ ಅವಳು ದೊಡ್ಡ ಬಾಟಲಿಯ ತುಂಬ ನೀರು ತರುತ್ತಾಳೆ, ಒಂದು ಗುಟುಕಿನಲ್ಲಿ ಗುಳಿಗೆ ನುಂಗುತ್ತಾಳೆ, ಸಂಜೆ ಅದೇ ನೀರನ್ನು ಹೊತ್ತುಕೊಂಡು ಸಿರುಗುಪ್ಪದ ಬಸ್ಸು ಹತ್ತುತ್ತಾಳೆ. ಅವಳು ಬೀಗದ ಕೈ ಕೇಳಿದ್ದಕ್ಕೆ ದುರ್ಗೇಶ್ ಅವರು ಬಹಳ ಮರ್ಯಾದೆಯಿಂದಲೇ, "ಫೆಬ್ರವರಿಗೆ ಮತ್ತ ತೆಗಿತೀವಲ್ಲಕ್ಕಾ, ಅಲ್ಲೀತನಕ ತಡ್ಕೋರಿ" ಎಂದರು.

ಆದ್ದರಿಂದ ತಮ್ಮಲ್ಲಿ ನಮ್ಮದೊಂದು ಸಣ್ಣ ಪ್ರಾರ್ಥನೆ. ಮುಂದಿನ ಜಾಗತಿಕ ಸಮ್ಮೇಳನಕ್ಕೆ ತಾವೇ ದಯಮಾಡಿಸಬೇಕು. ಬಂದ ಪ್ರತಿನಿಧಿಗಳಿಗೆಲ್ಲ ಒಂದೊಂದು ಚೊಂಬು ಮಜ್ಜಿಗೆ ಕೊಡಿಸಿ, ಆ ಸಭಾಂಗಣದ ಶೌಚಾಲಯದ ಬಾಗಿಲಿಗೆ ಒಂದೇ ಒಂದು ಮಧ್ಯಾಹ್ನ ಜೋತುಬೀಳಬೇಕು. ಮೂವತ್ತು ವರ್ಷದಿಂದ ಜಾರಿಯಾಗದೆ ಉಳಿದದ್ದೆಲ್ಲ ಸಂಜೆ ನಾಲ್ಕರೊಳಗೆ ಜಾರಿಯಾಗುತ್ತದೆಂದು ನಾನು ಬರೆದುಕೊಡಲು ಸಿದ್ಧ. ಅಷ್ಟು ದೂರದ ಪ್ರಯಾಣ ಆಗದೆಂದರೆ, ನಮ್ಮ ಮಾಲೀಕರ ಮನೆಗಾದರೂ ಒಂದು ವಾರದ ಮಟ್ಟಿಗೆ ವರ್ಗ ಮಾಡಿಸಿಕೊಳ್ಳಬೇಕಾಗಿ ವಿನಂತಿ.

ಇನ್ನೂ ತಡೆದುಕೊಂಡೇ ಇರುವ,
ತಮ್ಮ ವಿಶ್ವಾಸಿ,
ಗಂಗೋತ್ರಿ

ತಾ.ಕ.: ಬರುವ ಸೋಮವಾರ ಹನ್ನೊಂದು ಗಂಟೆಗೆ ಪಾರಮ್ಮ ತನ್ನ ಬಾಟಲಿ ಪೂರ್ತಿ ಕುಡಿಯುತ್ತಾಳೆ, ಜೊತೆಗೆ ನಾವು ಇಪ್ಪತ್ತೈದು ಮಂದಿಯೂ ಕುಡಿದು ತಮ್ಮೆದುರು ಸಾಲಾಗಿ ನಿಲ್ಲುತ್ತೇವೆ. ಬೀಗದ ಕೈಗಾಗಿ ಯಾರನ್ನೂ ಪೀಡಿಸುವುದಿಲ್ಲ. ನಮ್ಮ ಹೊನ್ನೂರಮ್ಮ ಸಂಗನಕಲ್ಲಿನವಳು, ಊರಿನಿಂದ ಒಂದು ಗುಂಡುಕಲ್ಲು ತರುತ್ತಾಳೆ. ಆ ಊರಿನವರು ಸಾವಿರಾರು ವರ್ಷದ ಹಿಂದೆ, ಯಾವ ಸಮ್ಮೇಳನವೂ ನಡೆಯದಿದ್ದ ಕಾಲದಲ್ಲಿ, ಎಲ್ಲ ಕೆಲಸವನ್ನೂ ಕಲ್ಲಿನಿಂದಲೇ ಮಾಡಿಕೊಳ್ಳುತ್ತಿದ್ದರಂತೆ.