ಎಲ್ಲ ಫೋಲ್ಡರಿಗೂ ಒಂದೇ ತೂಕ

ಮಾತು ಕಡಿಮೆ ಆಡುವವರ ಮೇಲೆ ತಪ್ಪು ಹೊರಿಸುವುದು ಬಹಳ ಸುಲಭ. ಹಾಲು ಉಕ್ಕಿದರೆ, ಬೀಗದ ಕೈ ಕಾಣದಿದ್ದರೆ, ಬೆಕ್ಕು ಅಡುಗೆಮನೆ ಹೊಕ್ಕರೆ ಎಲ್ಲರೂ ಒಮ್ಮೆ ನನ್ನ ಕಡೆ ನೋಡುತ್ತಾರೆ. ನಾನು ಸೆರಗು ಸರಿಮಾಡಿಕೊಂಡು ಸುಮ್ಮನಿರುತ್ತೇನೆ. ಅದನ್ನೇ ಒಪ್ಪಿಗೆ ಎಂದು ತಿಳಿಯುತ್ತಾರೆ. ನನ್ನ ಯಜಮಾನರು, ಅಂದರೆ ನಿಮ್ಮ ಮುತ್ಯಾ, ಇದ್ದಾಗ "ಇಕಿ ಬಾಯಿ ಅಂದ್ರ ಹಗೇವಿನ ಬಾಯಿ ನೋಡ್ರಿ. ಮ್ಯಾಲೆ ಹಾಸುಗಲ್ಲು, ಅದರ ಮ್ಯಾಲೆ ಮಣ್ಣು" ಎಂದು ಬಂದವರ ಮುಂದೆಲ್ಲ ಹೇಳಿ ನಗುತ್ತಿದ್ದರು. ಅದಕ್ಕೂ ಸುಮ್ಮನಿದ್ದೆ. ಆದರೆ ಮನೆಯ ಕಂಪ್ಯೂಟರ್ ತುಂಬಿಸಿದ ತಪ್ಪನ್ನೂ ನನ್ನ ತಲೆಗೆ ಕಟ್ಟಲು ಬಂದಾಗ ಮಾತ್ರ, ಇನ್ನು ಸುಮ್ಮನಿರಬಾರದು ಎಂದು ಗಟ್ಟಿ ಮನಸ್ಸು ಮಾಡಿದೆ.

ಬಾದಾಮಿಯಲ್ಲಿರುವ ಮೊಮ್ಮಕ್ಕಳೇ, ನೀವು ಓದಲೆಂದೇ ನಾನು ಇದನ್ನೆಲ್ಲ ಬರೆಯುವುದು. ಮರೋಳದ ಸಾಲೆಯಲ್ಲಿ ಕಲಿತ ನನ್ನ ಅಕ್ಷರ ಒಂದು ಕಾಲಕ್ಕೆ ದುಂಡಗಿತ್ತು. ಈಗ ಪೆನ್ನು ಹಿಡಿದರೆ ಕೈ ನಡುಗುತ್ತದೆ. ಬಾಗಲಕೋಟೆಯಲ್ಲಿ ಕಂಪ್ಯೂಟರ್ ಓದುವ ಮೊಮ್ಮಗಳು ಅಕ್ಷತಾ, ಇಳಕಲ್ಲಿನ ನಮ್ಮ ಮನೆಯ ಹಳೆಯ ಕಂಪ್ಯೂಟರಿನಲ್ಲಿ ಬರೆಯಲಿಕ್ಕೊಂದು ಎಡಿಟರ್ ಹಾಕಿಕೊಟ್ಟಿದ್ದಾಳೆ. ಅಕ್ಷರವನ್ನು ರೊಟ್ಟಿಯಷ್ಟು ದೊಡ್ಡದು ಮಾಡಬಹುದು. ಒಂದು ಕೀಲಿ ಒತ್ತಿದರೆ ಅದರೊಳಗೇ ಮನೆಯವರ ಫೋಲ್ಡರುಗಳೆಲ್ಲ ಸಾಲಾಗಿ ಕಾಣುತ್ತವೆ. ಹೆಸರಿನ ಪಕ್ಕದಲ್ಲಿ ಅದರ ಗಾತ್ರದ ಅಂಕಿ.

ತಪ್ಪು ನನ್ನ ತಲೆಗೆ ಬಂದ ದಿನ, ಮದುವೆಯಾದ ಹೊಸತರಲ್ಲಿ ಮಹಾಕೂಟದ ಹೊಂಡದಲ್ಲಿ ಮುಳುಗು ಹಾಕಲು ನಾಚಿ, ಬರೀ ಕಾಲು ತೊಳೆದುಕೊಂಡು ಬಂದ ಕಥೆ ಬರೆಯುತ್ತಿದ್ದೆ. ಮುಗಿಸಿ ಸೇವ್ ಮಾಡಲು ಹೋದರೆ ಜಾಗವೇ ಇಲ್ಲ ಎಂದಿತು. ಅಕ್ಷತಾಳ ತಮ್ಮ ಸಂಗಮೇಶ ಹಿಂದಿನಿಂದ ಇಣುಕಿದ.

"ದಿನಾ ಕುಂತು ಬರದ್ರ ತುಂಬದ ಏನ್ ಮಾಡೀತು ಆಯಿ? ನಿನ್ನವು ಹಳೇವು ಒಂದಿಷ್ಟು ಅಳಸ್ಲೇನು?"

ಉಂಡ ತಾಟು ಎತ್ತಲೇ ಎಂದು ಕೇಳುವಷ್ಟು ಸಲೀಸಾಗಿ ಕೇಳಿದ. ನಾನು ಫೋಲ್ಡರುಗಳ ಸಾಲು ತೆರೆದೆ. ಅವನ ಆಟಗಳು, ಅವನಪ್ಪನ ಹಾಡುಗಳು, ಫೋಟೋಗಳು, ನನ್ನ ಬರಹ, ಎಲ್ಲದರ ಪಕ್ಕದಲ್ಲೂ ಒಂದೇ ಅಂಕಿ: ೪೦೯೬.

"ನೋಡು, ಎಲ್ಲಾರದೂ ಅಷ್ಟ ಐತಿ. ನಂದ ಯಾಕ ಅಳಸ್ತಿ?"

"ಅದು ಖರೆ ತೂಕಲ್ಲ ಆಯಿ."

"ಮತ್ತ ಸುಳ್ಳು ತೂಕ ಯಾಕ ಬರದೈತಿ?"

ಅಕ್ಷತಾ ಶನಿವಾರ ಬರುವವರೆಗೆ ಯಾರೂ ಕಂಪ್ಯೂಟರ್ ಮುಟ್ಟಬಾರದು, ಸೇವ್ ಆಗದ ಕಥೆ ಹೋದೀತು, ಆರಿಸಲೂಬಾರದು ಎಂದು ಅದರ ಮೇಲೆ ಟವೆಲ್ಲು ಹೊದಿಸಿ, ಮುಂದೆ ಕುರ್ಚಿ ಹಾಕಿಕೊಂಡು ಕುಳಿತೆ. ಊಟವೂ ಅಲ್ಲೇ. "ಅತ್ತಿ, ಅದನ್ಯಾರೂ ಹೊತ್ಕೊಂಡು ಹೋಗಂಗಿಲ್ರಿ" ಎಂದು ಸೊಸೆ ಹೇಳಿ ನೋಡಿದಳು. ನಾನು ಏಳಲಿಲ್ಲ.

ಕುಳಿತಲ್ಲೇ ನನಗೆ ತವರಿನ ಹಗೇವುಗಳು ನೆನಪಾದವು. ನೀವು ಹಗೇವು ನೋಡಿಲ್ಲ. ಜೋಳ ತುಂಬಲು ಅಂಗಳದಲ್ಲಿ ನೆಲದೊಳಗೆ ತೋಡಿದ ಕಣಜ ಅದು. ಒಬ್ಬ ಮನುಷ್ಯ ಇಳಿಯುವಷ್ಟು ಬಾಯಿ, ಮೇಲೊಂದು ಹಾಸುಗಲ್ಲು. ಒಳಗೆ ತುಂಬಿರಲಿ, ಬರಿದಿರಲಿ, ಮೇಲಿನಿಂದ ಎಲ್ಲವೂ ಒಂದೇ. ನನ್ನನ್ನು ನೋಡಲು ಬಂದ ಬೀಗರು ಅಂಗಳದ ಹಾಸುಗಲ್ಲು ಎಣಿಸಿಯೇ ಸಂಬಂಧ ಒಪ್ಪಿದರು. ಜೋಳ ಇದ್ದದ್ದು ಒಂದರಲ್ಲಿ ಮಾತ್ರ. ನಮ್ಮವರು ಸುಳ್ಳು ಹೇಳಲಿಲ್ಲ. ಇಳಿದು ನೋಡುತ್ತೇವೆಂದು ಅವರೂ ಅನ್ನಲಿಲ್ಲ.

ಅಕ್ಷತಾ ಬಂದಳು. ಟವೆಲ್ಲು ನೋಡಿ ನಕ್ಕು, ಮಹಾಕೂಟದ ಕಥೆಯನ್ನು ಮೊದಲು ತನ್ನ ಪೆನ್‌ಡ್ರೈವಿಗೆ ಹಾಕಿಕೊಂಡಳು. "ಆಯಿ, ಈ ನಂಬರು ಬರೀ ಫೋಲ್ಡರಿಂದು. ಒಳಗೇನೈತಿ ಅನ್ನೂದು ಇದರಾಗ ಬರಂಗಿಲ್ಲ."

"ಹಗೇವಿನ ಬಾಯಿ ಅಳದಂಗಾತು. ಒಳಗ ಇಳದು ಅಳ್ಯಾಕ ಹೇಳು ಅದಕ್ಕ."

"ಹೇಳಬೌದು. ಆದ್ರ ಒಂದೊಂದರಾಗೂ ಇಳದು ಎಣಿಸಬೇಕು, ತಡಾ ಆಕ್ಕೈತಿ."

"ಆಗ್ಲಿ. ಹಗೇವು ತಗದ್ರೂ ಒಳಗಿನ ಕೆಟ್ಟ ಗಾಳಿ ಹೋಗೂತನಕ ಕಾಯಬೇಕು." ಆಮೇಲೆ ನನ್ನ ಜನ್ಮದಲ್ಲೇ ಆಡದಷ್ಟು ದೊಡ್ಡ ದನಿಯಲ್ಲಿ ಹೇಳಿದೆ: "ಯಾವುದು ಭಾರ ಐತಿ ಅದು ಹೋಗಬೇಕು. ನಂದಿದ್ರ ನಂದು. ಮಾತಂದ್ರ ಮಾತು." ಸಂಗಮೇಶನ ಮುಖ ಸಣ್ಣದಾಯಿತು; ಆಟಗಳ ನೆನಪಾಗಿರಬೇಕು.

ಅಕ್ಷತಾ ಏನೋ ಬರೆದಳು. ಪರದೆ ಸುಮ್ಮನೆ ನಿಂತಿತು. ಬಹಳ ಹೊತ್ತಿನ ಮೇಲೆ ೪೦೯೬ ಎಲ್ಲ ಅಳಿಸಿ ಖರೆ ಅಂಕಿಗಳು ಬಂದವು, ಭಾರದ್ದು ಮೇಲೆ, ಹಗುರದ್ದು ಕೆಳಗೆ. ನನ್ನದು ಎಲ್ಲಕ್ಕಿಂತ ಕೆಳಗೆ.

"ಆಯಿ, ನಿಂದೆಲ್ಲಾ ಕೂಡಿದ್ರೂ ಸಂಗ್ಯಾ ತಗದ ಒಂದು ಗಿರಮಿಟ್ಟಿನ ಫೋಟೋಕ್ಕಿಂತ ಹಗೂರ ಐತಿ!"

ಗೆದ್ದೆನೆಂದು ನೆಟ್ಟಗೆ ಕುಳಿತೆ. ಒಂದು ಗಳಿಗೆ ಅಷ್ಟೇ. ತವರು, ಮದುವೆ, ಹೆರಿಗೆಗಳು, ನಿಮ್ಮ ಮುತ್ಯಾ ಹೋದ ದಿನ, ಎಲ್ಲ ಸೇರಿ ಒಂದು ತಾಟು ಗಿರಮಿಟ್ಟಿಗೂ ಸಮವಿಲ್ಲವೇ? ಇಷ್ಟು ಹಗುರವಾಗಿ ಗೆಲ್ಲಬೇಕೆಂದು ನಾನೇನೂ ಕೇಳಿರಲಿಲ್ಲ.

ಎಲ್ಲಕ್ಕಿಂತ ಮೇಲೆ ಆಟಗಳಿರಲಿಲ್ಲ. 'ಆಯಿ' ಎಂಬ ಫೋಲ್ಡರ್ ಇತ್ತು. ನಾನು ಮಾಡಿದ್ದಲ್ಲ, ಮೊದಲು ಗಮನಿಸಿಯೂ ಇರಲಿಲ್ಲ. ಅಕ್ಷತಾ ತೆರೆದಳು. ಬರೀ ವಿಡಿಯೋ. ಸಂಗಮೇಶ ಫೋನು ಹಿಡಿದಾಗಲೆಲ್ಲ ನಾನು ಮುಖಕ್ಕೆ ಸೆರಗು ಎಳೆದುಕೊಂಡದ್ದು: ಯುಗಾದಿಗೆ ಸೆರಗು, ಪಂಚಮಿಗೆ ಸೆರಗು, ರೊಟ್ಟಿ ಬಡಿಯುವಾಗ ಹಿಟ್ಟಿನ ಕೈಯಲ್ಲೇ ಸೆರಗು. ನೋಡಿದವರು ಇಳಕಲ್ ಸೀರೆಯ ಜಾಹೀರಾತೆಂದೇ ತಿಳಿಯಬೇಕು.

"ಇಷ್ಟ್ಯಾಕ ಇಟ್ಟೀಯೋ?" ಎಂದೆ.

"ಒಂದರಾಗರ ನಿನ್ನ ಮಾರಿ ಕಂಡೀತು ಅಂತ" ಎಂದು ನೆಲ ನೋಡುತ್ತ ಹೇಳಿದ. "ಬಾದಾಮಿಯವರು ಕೇಳ್ತಾರ. ಏನ್ ಕಳಸ್ಲಿ?"

"ಮಾತಂದ್ರ ಮಾತು ಅಂದಿದ್ದಿ, ಆಯಿ" ಎಂದು ಅಕ್ಷತಾ ಮೆಲ್ಲಗೆ ಚುಚ್ಚಿದಳು.

ಅಂದಿದ್ದೆ. ಆಡಿದ ಮಾತು ಕಡಿಮೆಯಾದ್ದರಿಂದ ಆಡಿದ್ದನ್ನಾದರೂ ಉಳಿಸಿಕೊಳ್ಳಬೇಕು. "ಎಲ್ಲಾ ಅಳಸ್ರಿ. ಅದಕ್ಕೂ ಮೊದಲ ಆ ಫೋನ್ ಹಿಡಿ. ಒಂದ ಸಲ" ಎಂದೆ. ಸೆರಗನ್ನು ಕಿವಿಯ ಹಿಂದೆ ಸರಿಸಿ ನೆಟ್ಟಗೆ ನೋಡಿದೆ. ಮುಖಕ್ಕೆ ಬಿಸಿಲು ಹೊಡೆದಂತಾಯಿತು. "ಏನರ ಮಾತಾಡ ಆಯಿ" ಎಂದ ಸಂಗಮೇಶ. ನಾನು ಕೈ ಸೆರಗಿಗೆ ಹೋಗದಂತೆ ಕುರ್ಚಿಯ ಅಂಚು ಹಿಡಿದುಕೊಂಡು, ಅವನು ಸಾಕು ಅನ್ನುವವರೆಗೂ ಕುಳಿತೆ.

ಸೆರಗುಗಳೆಲ್ಲ ಹೋದವು. ಮಹಾಕೂಟದ ಕಥೆ ತನ್ನ ಜಾಗಕ್ಕೆ ಬಂತು. ನಿಮಗೂ ಆ ವಿಡಿಯೋ ತಲುಪಿರಬೇಕು. ಇವತ್ತು ಬೆಳಗ್ಗೆ ಕುತೂಹಲಕ್ಕೆ ಫೋಲ್ಡರುಗಳ ಸಾಲು ತೆರೆದೆ. ಪಾಪ, ಅದು ಒಂದೊಂದರೊಳಗೂ ಇಳಿದು, ಹತ್ತಿ, ಎಣಿಸಿ ಹೇಳಿತು. ನಾನು ಇದುವರೆಗೆ ಬರೆದದ್ದೆಲ್ಲ ಸೇರಿದರೂ ಆ ಒಂದು ವಿಡಿಯೋದ ತೂಕದ ಹತ್ತಿರ ಬರುವುದಿಲ್ಲ. ಅದರಲ್ಲಿ ನಾನು ಒಂದು ಮಾತೂ ಆಡಿಲ್ಲ.