ಜಂತಿಯ ಕೆಳಗೊಂದು ಸಂಘ

ಟಿಕೋಟಾದ ಶಾಲೆಯಲ್ಲಿ ‘ಒಗ್ಗಟ್ಟಿನಲ್ಲಿ ಬಲವಿದೆ’ ಎಂದು ಮಕ್ಕಳಿಗೆ ಕಲಿಸಿ, ಸಂಜೆ ಬಸ್ಸು ಹಿಡಿದು ವಿಜಯಪುರದ ನಮ್ಮ ಚಾಳಿಗೆ ಬಂದರೆ, ಅದು ಸುಳ್ಳೆನ್ನುವುದಕ್ಕೆ ದಿನಕ್ಕೊಂದು ಪುರಾವೆ ಸಿಗುತ್ತದೆ. ಆರು ಮನೆ, ಒಬ್ಬ ಮಾಲಕ, ಮೇಲೆ ಮಣ್ಣಿನ ಮಾಳಿಗೆ. ಮಾಳಿಗೆ ಹೊತ್ತ ಕಟ್ಟಿಗೆಯ ಜಂತಿಗಳಿಗೆ ಗೆದ್ದಲು ಹಿಡಿದು ಯಾವ ಕಾಲವೋ ಆಯಿತು. ಪಕ್ಕದ ಮನೆಯ ಬಾಣಂತಿಯ ತೊಟ್ಟಿಲ ಮೇಲಿನ ಜಂತಿಯಂತೂ ಬಿರುಕು ಬಿಟ್ಟು ಬಾಗಿತ್ತು. ಮಳೆಗಾಲದೊಳಗೆ ಅದನ್ನು ಬದಲಿಸಲೇಬೇಕೆಂದು ನಾವು ಬಾಡಿಗೆದಾರರ ಸಂಘ ಕಟ್ಟಿದೆವು.

ಪರಾತ

ಮಣ್ಣು ಉದುರುತ್ತದೆಂದು ಬಾಣಂತಿ ಹಿಟ್ಟು ನಾದುವ ಪರಾತವನ್ನು ತೊಟ್ಟಿಲ ಮೇಲೆ ಹಗ್ಗದಿಂದ ತೂಗುಹಾಕಿದ್ದಳು. ನಾವು ಮಾಲಕರನ್ನು ಕರೆತಂದು ತೋರಿಸಿದೆವು. ಅವರನ್ನು ನಾವೆಲ್ಲ ಕರೆಯುವುದು ಕಾಕಾ ಎಂದೇ. ಕಾಕಾ ಮೇಲೆ ನೋಡಿದರು, ಪರಾತವನ್ನು ಬೆರಳಿನಿಂದ ಬಾರಿಸಿದರು.

“ಭಾರಿ ತಲಿ ಓಡಿಸೀದಿ ನೋಡವ್ವಾ! ಉಳದ ಐದೂ ಮನ್ಯಾವ್ರು ಹಿಂಗ ಒಂದೊಂದು ಪರಾತ ಕಟ್ಕೋರಿ.”

ಉಪವಾಸ

ಇನ್ನು ಜಗಳವೇ ಎಂದು ಎಲ್ಲರೂ ಕಾಕಾನ ಮನೆಗೆ ಹೊರಟೆವು. ಸಂಘದ ಅಧ್ಯಕ್ಷರು ನಮ್ಮ ಚಾಳಿನ ದರ್ಜಿ ಚಾಚಾ. ದಾರಿಯಲ್ಲೇ ತಾಕೀತು ಮಾಡಿದರು: “ಚಾ ಮುಟ್ಟಬ್ಯಾಡ್ರಿ. ಕುಡದ್ವಿ ಅಂದ್ರ ಬಾಯಿ ಕಟ್ಟತೈತಿ.”

ಕಾಕಾನ ಹೆಂಡತಿ ಕಾಕೂ ಚಹಾ ತಂದರು. “ಉಪವಾಸ ಐತ್ರಿ” ಎಂದೆ ನಾನು. ನನ್ನ ಹಿಂದೆ ಎಲ್ಲರೂ ಉಪವಾಸ ಎಂದರು, ಚಾಚಾ ಕೂಡ.

“ಅಯ್ಯ, ಮದ್ಲ ಹೇಳಬಾರದೇನ್ರಿ!” ಎಂದು ಕಾಕೂ ಒಳಗೆ ಹೋಗಿ, ತಮ್ಮ ಉಪವಾಸಕ್ಕೆಂದು ನೆನೆಹಾಕಿದ್ದ ಸಾಬೂದಾಣಿಯನ್ನೆಲ್ಲ ಖಿಚಡಿ ಮಾಡಿ ತಂದರು. ಅಷ್ಟು ಪ್ರೀತಿಯಿಂದ ಬಡಿಸಿದ್ದನ್ನು ಹೇಗೆ ಬೇಡ ಎನ್ನುವುದು? ತಿಂದೆವು.

ಕೈ ತೊಳೆದ ಮೇಲೆ ಚಾಚಾ, “ಕಾಕಾ, ಆ ಜಂತಿ...” ಎಂದರು.

ಕಾಕಾ ನಕ್ಕರು. “ಉಂಡ ಮನಿ ಜಂತಿ ಎಣಿಸಬಾರದಂತ ಹಿರ್ಯಾರು ಹೇಳ್ಯಾರ್ರಿ.”

ಎಣಿಸೋಣವೆಂದರೆ ಆ ಮನೆಯಲ್ಲಿ ಜಂತಿಯೇ ಇರಲಿಲ್ಲ, ಎಲ್ಲ ಆರ್‌ಸಿಸಿ.

ವಿಳಾಸ

ಮೊದಲ ದೊಡ್ಡ ಮಳೆಗೆ ಆ ಜಂತಿ ಮುರಿದು ಬಿತ್ತು. ಕೂಸನ್ನು ನೀರೆರೆಯಲು ಬಚ್ಚಲಿಗೆ ಒಯ್ದಿದ್ದರು, ಹಾಗಾಗಿ ಉಳಿಯಿತು. ತೊಟ್ಟಿಲು ಮಣ್ಣಿನಲ್ಲಿ ಹೂತುಹೋಗಿತ್ತು. ಬಾಣಂತಿ ಗಂಟು ಕಟ್ಟಿ, ತವರಿಗೆಂದು ಕಾಖಂಡಕಿಯ ಬಸ್ಸು ಹತ್ತಿದಳು. ಸಂಘ ಕಟ್ಟಿದ್ದೇ ಅವಳಿಗಾಗಿ. ನಮ್ಮಿಂದ ಆದದ್ದು ಬಸ್ಸಿಗೆ ಕೈ ಬೀಸುವುದಷ್ಟೇ.

ಸಿಟ್ಟಿನಲ್ಲಿ ಸರಕಾರಿ ಕಚೇರಿಗೆ ಅರ್ಜಿ ಒಯ್ದೆವು. “ಸಂಘದ ಆಫೀಸ್ ಎಲ್ಲೈತ್ರಿ? ವಿಳಾಸ ಇಲ್ದ ತಗೊಳ್ಳಾಕ ಬರೂದಿಲ್ಲ” ಎಂದರು ಗುಮಾಸ್ತರು. ಓಣಿಯ ತುಂಬ ಕೋಣೆ ಕೇಳಿದೆವು. ಮಾಲಕರ ಮೇಲೆ ದೂರು ಕೊಡುವ ಸಂಘಕ್ಕೆ ಯಾವ ಮಾಲಕ ಕೋಣೆ ಕೊಟ್ಟಾನು? ಕೊನೆಗೆ ಕೊಟ್ಟವರು ಒಬ್ಬರೇ, ನಮ್ಮ ಕಾಕಾ.

“ಬಾಣಂತಿ ಕೋಣಿ ಖಾಲಿ ಐತಲ್ರಿ. ನೀವೇನು ಹೊರಗಿನವ್ರೇನ್ರಿ?”

ಮುರಿದಲ್ಲಿ ಒಂದು ತಗಡು ಹೊದಿಸಿದರು. ಬಾಡಿಗೆ ಮಾತ್ರ ಹಿಂದಿನಷ್ಟೇ.

ಮೊದಲ ಸಭೆಯಲ್ಲಿ ಎಲ್ಲರೂ ಗೋಡೆಗೆ ಅಂಟಿಕೊಂಡು ಕುಳಿತೆವು, ನಡುವೆ ಯಾರೂ ಇಲ್ಲ. ಚಾಚಾ ಮೇಲೆ ನೋಡಿ ಕೇಳಿದರು: “ಈಗ ನಮ್ಮ ಸಂಘನೂ ಬಾಡಿಗಿದಾರ ಆತು. ಇದರ ಮ್ಯಾಲ ಜಂತಿ ಬಿದ್ರ, ಇದು ಯಾವ ಸಂಘಕ್ಕ ಹೋಗಿ ಹೇಳಬೇಕ್ರಿ?”

ನಗು ತಡೆಯಲಾಗಲಿಲ್ಲ. ಆ ಸಪ್ಪಳಕ್ಕೆ ಮೇಲಿಂದ ಮಣ್ಣು ಉದುರಿತು.

“ಸಾವಕಾಶ ನಗ್ರಿ ಯಪ್ಪಾ” ಎಂದರು ಅಧ್ಯಕ್ಷರು.